ದೇಹತೂಕದ ಕಳಂಕ: ಲೋಕದ ಮಾತು ನಮ್ಮದೇ ಮಾತಾದಾಗ

ಬಹಳ ದಿನಗಳ ಬಳಿಕ ಪರಿಚಿತರು ಸಿಕ್ಕಿದರೆ ನಾವು ಮೊದಲು ವಿಚಾರಿಸುವುದು ಅವರ ಕ್ಷೇಮವನ್ನಲ್ಲ. "ಏನು, ದಪ್ಪ ಆಗಿದ್ದೀರಲ್ಲ!" ಎನ್ನುತ್ತೇವೆ. ಗಲ್ಫಿನಿಂದ ರಜೆಯಲ್ಲಿ ಬಂದವರಿರಲಿ, ಹೆರಿಗೆ ಮುಗಿಸಿ ತವರಿನಲ್ಲಿರುವ ಮಗಳಿರಲಿ, ಮಾತು ಅಲ್ಲಿಂದಲೇ ಆರಂಭ. ಆಡಿದವರು ಮನೆ ಸೇರುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೇಳಿದವರು ಅದನ್ನು ವರ್ಷಗಟ್ಟಲೆ ಹೊರುತ್ತಾರೆ. ಈ ಹೊರೆಯಿಂದ ಮನಸ್ಸಿಗೂ ದೇಹಕ್ಕೂ ಏನಾಗುತ್ತದೆ ಎಂಬ ಬಗ್ಗೆ ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ಅದರ ಸಾರಾಂಶವನ್ನು ಓದುಗರ ಮುಂದಿಡುತ್ತಿದ್ದೇವೆ.

ಅಂತರ್ಗತ ಕಳಂಕ ಎಂದರೇನು?

ಕಳಂಕಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಸ್ಟಿಗ್ಮಾ' ಮೂಲತಃ ಗ್ರೀಕ್ ಪದ. ಪ್ರಾಚೀನ ಗ್ರೀಸಿನಲ್ಲಿ ಓಡಿಹೋದ ಗುಲಾಮರ ಮೈಮೇಲೆ ಚುಚ್ಚಿ ಹಾಕುತ್ತಿದ್ದ ಗುರುತಿಗೆ ಈ ಹೆಸರಿತ್ತು. ಇಂದು ಗುರುತು ಹಾಕುವುದು ನಾಲಿಗೆಯಿಂದ. ದಪ್ಪಗಿರುವವರು ಸೋಮಾರಿಗಳು, ಹೊಟ್ಟೆಬಾಕರು, ಸಂಯಮವಿಲ್ಲದವರು ಎಂಬ ಪೂರ್ವಾಗ್ರಹವೇ ತೂಕದ ಕಳಂಕ. ಇದನ್ನು ಪದೇ ಪದೇ ಕೇಳಿದ ವ್ಯಕ್ತಿ ಕೊನೆಗೆ "ಹೌದು, ನಾನು ಅಂಥವನೇ, ನನಗೆ ಬೆಲೆಯಿಲ್ಲ" ಎಂದು ತಾನೇ ನಂಬತೊಡಗಿದರೆ ಅದು ಅಂತರ್ಗತ ಕಳಂಕ. ಆಗ ಹಂಗಿಸಲು ಹೊರಗಿನವರು ಬೇಕಾಗಿಲ್ಲ.

ಇದನ್ನು ಅಳೆಯಲು 2008ರಲ್ಲಿ ಅಮೆರಿಕದ ಹವಾಯಿ ವಿಶ್ವವಿದ್ಯಾಲಯದ ಲಾರಾ ಡುರ್ಸೊ ಮತ್ತು ಜಾನೆಟ್ ಲ್ಯಾಟ್ನರ್ 11 ಹೇಳಿಕೆಗಳ ಮಾಪನವೊಂದನ್ನು ರೂಪಿಸಿದರು. ಅದು ಸ್ಥೂಲಕಾಯದವರಿಗೆ ಸೀಮಿತವಾಗಿತ್ತು. 2014ರಲ್ಲಿ ರೆಬೆಕಾ ಪರ್ಲ್ ಮತ್ತು ರೆಬೆಕಾ ಪೂಲ್ ಅದನ್ನು ಎಲ್ಲ ತೂಕದವರಿಗೂ ಅನ್ವಯವಾಗುವಂತೆ ಬದಲಾಯಿಸಿದರು. ಈ ಕಳಂಕ ತೆಳ್ಳಗಿರುವವರ ಮನಸ್ಸಿನಲ್ಲೂ ಇರಬಹುದು ಎಂಬುದು ಅದರಿಂದ ಕಂಡುಬಂತು.

ಮನಸ್ಸಿನ ಮೇಲೆ ಪರಿಣಾಮ

ಪರ್ಲ್ ಮತ್ತು ಪೂಲ್ 2018ರಲ್ಲಿ 74 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಅಂತರ್ಗತ ಕಳಂಕ ಹೆಚ್ಚಿದ್ದವರಲ್ಲಿ ಖಿನ್ನತೆ, ಆತಂಕ, ಆತ್ಮಗೌರವದ ಕೊರತೆ, ತನ್ನ ದೇಹದ ಬಗ್ಗೆಯೇ ಅಸಹ್ಯ ಹೆಚ್ಚಾಗಿರುವುದು ಮತ್ತೆ ಮತ್ತೆ ಕಂಡುಬಂದಿತ್ತು. ಹಸಿವಿಲ್ಲದಿದ್ದರೂ ಗುಟ್ಟಾಗಿ, ತಡೆಯಲಾರದಂತೆ ತಿನ್ನುವ ತೊಂದರೆಯೂ ಇದರ ಜೊತೆ ಸೇರಿಕೊಂಡಿರುತ್ತದೆ. ದೈಹಿಕ ಆರೋಗ್ಯದ ವಿಷಯದಲ್ಲಿ ಸಾಕ್ಷ್ಯ ಇಷ್ಟು ಏಕರೂಪವಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ದೇಹದ ಮೇಲೆ ಪರಿಣಾಮ

ಆದರೂ ಕೆಲವು ಅಂಶಗಳನ್ನು ಗಮನಿಸಲೇಬೇಕು. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 123 ಮಹಿಳೆಯರು ಭಾಗವಹಿಸಿದ್ದರು. ದಪ್ಪಗಿರುವವರನ್ನು ಗೇಲಿ ಮಾಡುವ ವಿಡಿಯೋ ನೋಡಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದ ಮಟ್ಟದಲ್ಲೇ ಉಳಿಯಿತು. ದೀರ್ಘಕಾಲ ಹೆಚ್ಚಿರುವ ಕಾರ್ಟಿಸಾಲ್ ಹಸಿವನ್ನು ಕೆರಳಿಸುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಲು ಕಾರಣವಾಗುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ.

2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪರ್ಲ್ ಮತ್ತು ಸಂಗಡಿಗರು ಸ್ಥೂಲಕಾಯದ 159 ಮಂದಿಯ ಅಧ್ಯಯನ ಪ್ರಕಟಿಸಿದರು. ಕಳಂಕವನ್ನು ಹೆಚ್ಚು ಒಳಗೆ ತೆಗೆದುಕೊಂಡಿದ್ದವರಿಗೆ, ಕಡಿಮೆ ತೆಗೆದುಕೊಂಡಿದ್ದವರಿಗಿಂತ, ಮೆಟಬಾಲಿಕ್ ಸಿಂಡ್ರೋಮ್ ಇರುವ ಸಾಧ್ಯತೆ ಸುಮಾರು ಮೂರು ಪಟ್ಟಿತ್ತು. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಮುಂತಾದವು ಒಟ್ಟಾಗಿ ಕೆಡುವ ಸ್ಥಿತಿ ಇದು. ಹೃದ್ರೋಗಕ್ಕೂ ಮಧುಮೇಹಕ್ಕೂ ದಾರಿ. ಒಂದೇ ಸಮಯದಲ್ಲಿ ಅಳೆದ ಕಾರಣ ಯಾವುದು ಮೊದಲು, ಯಾವುದು ನಂತರ ಎಂದು ಈ ಅಧ್ಯಯನದಿಂದ ಹೇಳಲಾಗದು.

2015ರಲ್ಲಿ ಆಂಜೆಲಿನಾ ಸುಟಿನ್ ಮತ್ತು ಸಂಗಡಿಗರು ಅಮೆರಿಕದ ಎರಡು ದೊಡ್ಡ ಸಮೀಕ್ಷೆಗಳನ್ನು ವಿಶ್ಲೇಷಿಸಿದರು. ಒಂದರಲ್ಲಿ 13,000ಕ್ಕೂ ಹೆಚ್ಚು, ಇನ್ನೊಂದರಲ್ಲಿ 5,000ಕ್ಕೂ ಹೆಚ್ಚು ಜನರಿದ್ದರು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದ್ದೇವೆ ಎಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಸುಮಾರು ಶೇ. 60ರಷ್ಟು ಹೆಚ್ಚಿತ್ತು. ಅವರ ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಇಲ್ಲಿ ಅಳೆದದ್ದು ಹೊರಗಿನ ತಾರತಮ್ಯವನ್ನು, ಒಳಗಿನ ನಂಬಿಕೆಯನ್ನಲ್ಲ. ಆದರೆ ಮೊದಲನೆಯದೇ ಎರಡನೆಯದಕ್ಕೆ ಬೀಜ.

ಇದಲ್ಲದೆ, ನಾಚಿಕೆಯಿಂದ ವೈದ್ಯರ ಬಳಿ ಹೋಗುವುದನ್ನೇ ಮುಂದೂಡುವವರಿದ್ದಾರೆ. ಕಾಲುನೋವು ಎಂದು ಹೋದರೂ "ಮೊದಲು ತೂಕ ಇಳಿಸಿ" ಎಂಬ ಉತ್ತರವೇ ಸಿಗುತ್ತದೆಂಬ ಅಂಜಿಕೆ ಅವರದು. ಹೀಗೆ ತಡವಾದ ಭೇಟಿಯಲ್ಲಿ, ಬೇಗ ಪತ್ತೆಯಾಗಿದ್ದರೆ ಗುಣವಾಗುತ್ತಿದ್ದ ಕಾಯಿಲೆಯೂ ಬಲಿತಿರಬಹುದು.

ಹಂಗಿಸಿದರೆ ತೂಕ ಇಳಿಯುವುದೇ?

"ಅವರ ಒಳ್ಳೆಯದಕ್ಕೇ ಹೇಳುವುದು" ಎಂಬುದು ನಮ್ಮ ಸಾಮಾನ್ಯ ಸಮರ್ಥನೆ. ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ 2011ರ ಪ್ರಯೋಗದಲ್ಲಿ ಗೇಲಿಯ ವಿಡಿಯೋ ನೋಡಿದ ಅಧಿಕ ತೂಕದ ಮಹಿಳೆಯರು, ಸಾಮಾನ್ಯ ವಿಡಿಯೋ ನೋಡಿದ ಅದೇ ತೂಕದವರಿಗಿಂತ ಮೂರು ಪಟ್ಟಿಗೂ ಅಧಿಕ ಕ್ಯಾಲೊರಿ ತಿಂದರು. ಜಿಮ್ಮಿನಲ್ಲೋ ಮೈದಾನದಲ್ಲೋ ನಗೆಪಾಟಲಾಗುವ ಭಯವಿರುವವರು ವ್ಯಾಯಾಮವನ್ನೇ ಬಿಡುತ್ತಾರೆ. ನಾಚಿಕೆ, ಒತ್ತಡ, ಅತಿಯಾದ ತಿನ್ನುವಿಕೆ, ತೂಕ ಏರಿಕೆ, ಮತ್ತೆ ನಾಚಿಕೆ – ಈ ವಿಷವರ್ತುಲವನ್ನು ಮನೋವಿಜ್ಞಾನಿ ಜಾನೆಟ್ ಟೊಮಿಯಾಮ 2014ರಲ್ಲಿ ವಿವರಿಸಿದ್ದಾರೆ.

ಹಾಗೆಂದು ಅಧಿಕ ತೂಕದಿಂದ ಅಪಾಯವಿಲ್ಲ ಎಂದು ನಾವು ಹೇಳುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಶೇ. 24ರಷ್ಟು ಮಹಿಳೆಯರು, ಶೇ. 22.9ರಷ್ಟು ಪುರುಷರು ಅಧಿಕ ತೂಕದವರು. ಚಿಕಿತ್ಸೆ ಬೇಕು, ಆಹಾರದಲ್ಲಿ ಹಿತಮಿತ ಬೇಕು. ಆದರೆ ತೂಕ ಕೇವಲ ಇಚ್ಛಾಶಕ್ತಿಯ ಪ್ರಶ್ನೆಯಲ್ಲ. ವಂಶವಾಹಿಗಳು, ಥೈರಾಯ್ಡ್ ತೊಂದರೆ, ಪಿಸಿಓಎಸ್, ಸ್ಟಿರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಗಳ ಔಷಧಿಗಳು, ನಿದ್ದೆಯ ಕೊರತೆ ಎಲ್ಲವೂ ಪಾತ್ರ ವಹಿಸುತ್ತವೆ. ಹಸಿವನ್ನು ನಿಯಂತ್ರಿಸುವ ಲೆಪ್ಟಿನ್ ಹಾರ್ಮೋನಿನ ವಂಶವಾಹಿಯನ್ನು 1994ರಲ್ಲಿ ಪತ್ತೆಹಚ್ಚಿದ ಮೇಲೆ ವಿಜ್ಞಾನ ಈ ವಿಷಯವನ್ನು ನೋಡುವ ದೃಷ್ಟಿಯೇ ಬದಲಾಗಿದೆ. 2020ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಅಂತಾರಾಷ್ಟ್ರೀಯ ತಜ್ಞರು ಈ ಕಳಂಕವನ್ನು ಕೊನೆಗಾಣಿಸಬೇಕೆಂದು ಜಂಟಿ ಹೇಳಿಕೆ ಹೊರಡಿಸಿದರು.

ನಾವೇನು ಮಾಡಬಹುದು?

1. ಮನೆಯಲ್ಲಿ ಮಕ್ಕಳನ್ನು 'ಡುಮ್ಮಿ', 'ಆನೆಮರಿ', 'ಕಡ್ಡಿ' ಎಂದು ಕರೆಯುವುದನ್ನು ನಿಲ್ಲಿಸೋಣ. ಮುದ್ದಿನ ಹೆಸರೂ ಗಾಯ ಮಾಡಬಲ್ಲದು.

2. ಮದುವೆ ಸಂಬಂಧ ನೋಡುವಾಗ ಹುಡುಗಿಯ ಗಾತ್ರವನ್ನು ಆಕೆಯ ಎದುರಲ್ಲಾಗಲಿ ಹಿಂದಿನಿಂದಾಗಲಿ ಚರ್ಚಿಸುವುದು ಬೇಡ. ದಿನ ಗೊತ್ತಾಗುವ ಮುನ್ನ ಊಟ ಬಿಟ್ಟು ಸೊರಗುವಂತೆ ಒತ್ತಾಯಿಸುವುದಂತೂ ಬೇಡವೇ ಬೇಡ.

3. ಊಟದ ಪಂಕ್ತಿಯಲ್ಲಿ ಇನ್ನೊಬ್ಬರ ಬಟ್ಟಲಿನತ್ತ ಟೀಕೆಯ ಕಣ್ಣು ಹಾಯಿಸದಿರೋಣ.

4. ಶಾಲೆಗಳಲ್ಲಿ ಗೇಲಿಯನ್ನು 'ಮಕ್ಕಳಾಟ' ಎಂದು ತಳ್ಳಿಹಾಕದೆ ಶಿಕ್ಷಕರು ತಡೆಯಬೇಕು.

5. ಕಾಯಿಲೆಯಿದ್ದವರು ನಾಚಿಕೆಯಿಂದ ವೈದ್ಯರನ್ನು ತಪ್ಪಿಸಬಾರದು. "ಇದೇ ತೊಂದರೆ ತೆಳ್ಳಗಿರುವವರಿಗೆ ಬಂದರೆ ಏನು ಪರೀಕ್ಷೆ ಮಾಡಿಸುತ್ತಿದ್ದಿರಿ?" ಎಂದು ವಿನಯದಿಂದ ಕೇಳುವ ಹಕ್ಕು ಅವರಿಗಿದೆ.

6. ಮನಸ್ಸು ಕುಗ್ಗಿದ್ದರೆ, ಗುಟ್ಟಾಗಿ ತಿನ್ನುವುದು ಅಥವಾ ತಿಂದದ್ದನ್ನು ವಾಂತಿ ಮಾಡುವುದು ಕಂಡುಬಂದರೆ ಸಲಹೆ ಪಡೆಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ತನ್ನನ್ನು ದ್ವೇಷಿಸುವವನು ತನ್ನ ಆರೈಕೆ ಮಾಡಿಕೊಳ್ಳಲಾರ. ದೇಹದ ಆರೋಗ್ಯವನ್ನು ಕಾಪಾಡಬೇಕಾದರೆ ಮೊದಲು ಆ ದೇಹಕ್ಕೆ ಗೌರವ ಸಲ್ಲಬೇಕು. ಮುಂದಿನ ಬಾರಿ ಪರಿಚಿತರು ಎದುರಾದಾಗ "ಹೇಗಿದ್ದೀರಿ?" ಎಂದಷ್ಟೇ ಕೇಳೋಣ. ಉತ್ತರವನ್ನು ತಾಳ್ಮೆಯಿಂದ ಆಲಿಸೋಣ.