ಬೇಲಿ ದಾಟಿದ ಹೂವು

ಕಮರ್ಷಿಯಲ್ ಸ್ಟ್ರೀಟಿಂದ ಹಲಸೂರಿನ ಕಡೆ ನಡೆಯುವಾಗ ಖಾಲಿ ಸೈಟು ಸಿಕ್ಕರೆ ಗಮನಿಸಿ. ಒಂದೇ ಗೊಂಚಲಲ್ಲಿ ಹಳದಿ, ಗುಲಾಬಿ ಹೂವು, ಚೌಕಾಕಾರದ ಮುಳ್ಳುಕಾಂಡ, ಉಜ್ಜಿದರೆ ಘಾಟು ಹೊಡೆಯೋ ಎಲೆ ಇದ್ದರೆ ಅದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು 1809ರ ಸುಮಾರಿಗೆ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದರು. ಬೆಂಗಳೂರಿನ ದಂಡು ಹುಟ್ಟಿದ್ದೂ ಅದೇ ಆಸುಪಾಸಿನಲ್ಲಿ. ತೋಟದ ಬೇಲಿಗೆ ನೆಟ್ಟ ಗಿಡದ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು.

ನಮ್ಮೂರಲ್ಲಿ ದನ ಮೇಯಿಸುವಾಗ ನಾನೇ ನೋಡಿದ್ದೀನಿ, ದನ ಇದಕ್ಕೆ ಬಾಯಿ ಹಾಕಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ತರಗು ಬೆಂಕಿ ಹಾಕಿ ನೆಲ ತೆರವಾಗಿಡುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತು ಲಂಟಾನ ಹಬ್ಬಿತು, ಹುಲ್ಲು ಹೋಯ್ತು ಅಂತಾರೆ ಅವರು. ನರ್ಸರಿಗಳಲ್ಲಿ ಲಂಟಾನ ಇವತ್ತಿಗೂ ಸಿಗುತ್ತೆ. ಬಾಲ್ಕನಿಗೆ ಗಿಡ ಆರಿಸುವಾಗ ಇದು ನೆನಪಿರಲಿ.