ಹೆಪ್ಪುಗಟ್ಟಿದ ನೆತ್ತರು



ತರಕಾರಿ ಹೆಚ್ಚುವಾಗ ಈಳಿಗೆಮಣೆ ತಗುಲಿ ಬೆರಳು ಕೊಯ್ದುಕೊಳ್ಳುವುದು ಯಾರ ಮನೆಯಲ್ಲಿಯೂ ಹೊಸತಲ್ಲ. ನೆತ್ತರು ಹರಿಯುತ್ತದೆ, ಬೆರಳನ್ನು ಒತ್ತಿ ಹಿಡಿಯುತ್ತೇವೆ, ಕೆಲವು ನಿಮಿಷಗಳಲ್ಲಿ ಅದು ನಿಲ್ಲುತ್ತದೆ. ಹಾಲು ಹೆಪ್ಪುಗೊಂಡು ಮೊಸರಾಗುವಂತೆ ನೆತ್ತರೂ ಹೆಪ್ಪುಗಟ್ಟಿ ಗಾಯದ ಬಾಯನ್ನು ಮುಚ್ಚುತ್ತದೆ. ಈ ಗುಣವಿಲ್ಲದಿದ್ದರೆ ಸಣ್ಣ ಗಾಯವೂ ಪ್ರಾಣಾಂತಿಕವಾಗುತ್ತಿದ್ದಿತು. ಆದರೆ ನಮ್ಮನ್ನು ಕಾಯುವ ಈ ಶಕ್ತಿಯೇ ಸ್ಥಳ ತಪ್ಪಿ ಹೃದಯದ ಧಮನಿಯೊಳಗೆ ಪ್ರಕಟವಾದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಇದನ್ನು ಮನುಷ್ಯನು ಹೇಗೆ ಅರಿತನು, ಅರಿತ ಮೇಲೂ ನಂಬುವುದಕ್ಕೆ ಏಕೆ ಅಷ್ಟು ತಡಮಾಡಿದನು ಎಂಬುದೇ ಈ ದಿನದ ನಮ್ಮ ವಿಷಯ. ನಾವು ವೈದ್ಯರಲ್ಲ, ಚರಿತ್ರೆಯ ವಿದ್ಯಾರ್ಥಿಗಳು. ಆದುದರಿಂದ ಚಿಕಿತ್ಸೆಯನ್ನು ಬೋಧಿಸಹೊರಟಿಲ್ಲ, ಒಂದು ದೀರ್ಘವಾದ ವಿವಾದದ ಕಥೆಯನ್ನು ಹೇಳಹೊರಟಿದ್ದೇವೆ.

ಕಥೆ ಮೊದಲಾಗುವುದು ಜರ್ಮನಿಯ ಬರ್ಲಿನ್ ನಗರದಲ್ಲಿ. ಶ್ವಾಸಕೋಶದ ಧಮನಿಯಲ್ಲಿ ನೆತ್ತರಿನ ಗಡ್ಡೆ ಸಿಲುಕಿ ರೋಗಿಗಳು ಸಾಯುವುದನ್ನು ಅಲ್ಲಿಯ ವೈದ್ಯರು ಕಂಡಿದ್ದರು. ನಾಳದ ಉರಿಯೂತದಿಂದ ಅದು ಅಲ್ಲಿಯೇ ಹುಟ್ಟಿತೆಂಬುದು ಆ ಕಾಲದ ಪಂಡಿತರ ಮತ. ರೂಡಾಲ್ಫ್ ವಿರ್ಚೋ ಎಂಬ ತರುಣ ವೈದ್ಯನು 1846ರಲ್ಲಿ ಇದಕ್ಕೆ ಎದುರಾಗಿ ನಿಂತನು. ಗಡ್ಡೆ ಹುಟ್ಟಿದ್ದು ದೂರದ ಕಾಲಿನ ಸಿರೆಗಳಲ್ಲಿ. ಅದರ ತುಂಡು ಕಳಚಿಕೊಂಡು ನೆತ್ತರಿನ ಪ್ರವಾಹದಲ್ಲಿ ತೇಲಿ ಬಂದು ಇಲ್ಲಿ ಸಿಕ್ಕಿಕೊಂಡಿತು ಎಂದನು. ಬರಿಯ ಮಾತಿನಲ್ಲಿ ಬಿಡಲಿಲ್ಲ. ನಾಯಿಗಳ ಸಿರೆಯಲ್ಲಿ ರಬ್ಬರಿನ ಚೂರುಗಳನ್ನಿಟ್ಟು, ಅವೇ ಚೂರುಗಳನ್ನು ಶ್ವಾಸಕೋಶದ ಧಮನಿಯಲ್ಲಿ ತೆಗೆದು ತೋರಿಸಿದನು. ನಾಳದೊಳಗೆ ಗಡ್ಡೆ ಕಟ್ಟುವುದಕ್ಕೆ ಥ್ರಾಂಬೋಸಿಸ್ ಎಂದೂ, ಅದು ಕಳಚಿ ತೇಲಿಹೋಗಿ ತಡೆಯೊಡ್ಡುವುದಕ್ಕೆ ಎಂಬಾಲಿಸಮ್ ಎಂದೂ ಹೆಸರಿಟ್ಟವನು ಅವನೇ.

ಗಡ್ಡೆ ಹೇಗೆ ಕಟ್ಟುತ್ತದೆ ಎಂಬುದಕ್ಕೆ 1882ರಲ್ಲಿ ಇಟಲಿಯ ಬಿಟ್ಸೊಟ್ಸೆರೊ ಬೆಳಕು ಚೆಲ್ಲಿದನು. ನೆತ್ತರಿನಲ್ಲಿ ಬಿಲ್ಲೆಯಾಕಾರದ ಅತಿ ಸೂಕ್ಷ್ಮ ಕಣಗಳಿವೆ. ನಾಳದ ಒಳಗೋಡೆಗೆ ಗಾಯವಾದೊಡನೆ ಅವು ಅಲ್ಲಿಗೆ ಅಂಟಿಕೊಂಡು ಒಂದರ ಮೇಲೊಂದು ಗುಂಪುಗೂಡುತ್ತವೆ. ಬಳಿಕ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆದು ಅವನ್ನು ಬಿಗಿಯುತ್ತವೆ. ವಯಸ್ಸಾದಂತೆ ಧಮನಿಗಳ ಗೋಡೆಯಲ್ಲಿ ಕೊಬ್ಬು ಸೇರಿ ದಪ್ಪನಾಗುವುದಷ್ಟೆ. ಆ ಕೊಬ್ಬಿನ ಮೇಲಣ ತೆಳುಪೊರೆ ಒಂದು ದಿನ ಬಿರಿಯುತ್ತದೆ. ನೆತ್ತರಾದರೋ ಇದನ್ನು ಗಾಯವೆಂದೇ ಬಗೆದು, ತನ್ನ ಧರ್ಮದಂತೆ ಮುಚ್ಚಹೊರಡುತ್ತದೆ. ಮುಚ್ಚುವ ಆತುರದಲ್ಲಿ ದಾರಿಯನ್ನೇ ಕಟ್ಟಿಬಿಡುತ್ತದೆ. ಆ ನಾಳದಿಂದ ಜೀವ ಪಡೆಯುತ್ತಿದ್ದ ಹೃದಯದ ಭಾಗವು ಸಾಯತೊಡಗುತ್ತದೆ.

ಹೃದಯದ ಧಮನಿ ಹೀಗೆ ಕಟ್ಟಿತೆಂದರೆ ಆ ಕ್ಷಣವೇ ಮರಣವೆಂದು ವೈದ್ಯರು ಬಹುಕಾಲ ನಂಬಿದ್ದರು. ಅಮೆರಿಕೆಯ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯನು 1912ರಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದನು. ಐವತ್ತೈದು ವರ್ಷದ ಆ ಗೃಹಸ್ಥನಿಗೆ ಊಟವಾದ ಬಳಿಕ ತೀವ್ರವಾದ ನೋವು ಬಂದಿತು. 52 ಗಂಟೆಗಳ ಕಾಲ ಬದುಕಿದ್ದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಹೃದಯದ ಎಡ ಧಮನಿಯಲ್ಲಿ ಗಡ್ಡೆ ಕಂಡಿತು. ನಾಳ ಕಟ್ಟಿದ ಮೇಲೂ ಮನುಷ್ಯನು ಗಂಟೆಗಟ್ಟಲೆ ಬದುಕಿರಬಲ್ಲನು, ಕೆಲವರು ಚೇತರಿಸಿಕೊಳ್ಳಲೂಬಲ್ಲರು ಎಂದು ಹೆರಿಕ್ ವಾದಿಸಿದನು. ಮೊದಮೊದಲು ಯಾರೂ ಅವನಿಗೆ ಅಷ್ಟಾಗಿ ಕಿವಿಗೊಡಲಿಲ್ಲ.

ಮುಂದೆ ಅವನ ಮಾತಿಗೆ ಮನ್ನಣೆ ದೊರೆಯಿತು. ಆದರೂ ಸಂಶಯವು ಬೇರೊಂದು ರೂಪದಲ್ಲಿ ಮರಳಿತು. ಹೃದಯಾಘಾತದಿಂದ ಸತ್ತ ಎಷ್ಟೋ ಜನರ ಶವಪರೀಕ್ಷೆಯಲ್ಲಿ ಗಡ್ಡೆ ಸಿಕ್ಕಲಿಲ್ಲ. ಆದುದರಿಂದ ಗಡ್ಡೆಯು ಆಘಾತದ ಕಾರಣವಲ್ಲ, ಅದರ ಪರಿಣಾಮವೆಂದು ಹಲವರು ವಾದಿಸಿದರು. ಇದು ಕೇವಲ ಪಂಡಿತರ ಜಗಳವಾಗಿರಲಿಲ್ಲ. ಗಡ್ಡೆ ಬರಿಯ ಪರಿಣಾಮವಾದರೆ ಅದನ್ನು ಕರಗಿಸಿ ಫಲವೇನು? ಗಡ್ಡೆಯನ್ನು ಕರಗಿಸಬಲ್ಲ ಸ್ಟ್ರೆಪ್ಟೊಕೈನೇಸ್ ಎಂಬ ವಸ್ತುವನ್ನು ಟಿಲ್ಲೆಟ್ ಮತ್ತು ಗಾರ್ನರ್ ಎಂಬವರು 1933ರಲ್ಲಿಯೇ ವರ್ಣಿಸಿದ್ದರು. ಮದ್ದು ಕೈಯಲ್ಲಿಯೇ ಇದ್ದಿತು. ಕಾರಣವನ್ನು ಕುರಿತ ನಿಶ್ಚಯವಿರಲಿಲ್ಲ. ಹಾಸಿಗೆಯ ವಿಶ್ರಾಂತಿಯೇ ಬಹುಕಾಲ ರೋಗಿಯ ಮುಖ್ಯ ಚಿಕಿತ್ಸೆಯಾಗಿದ್ದಿತು.

ವಿವಾದವನ್ನು ಮುಗಿಸಿದ್ದು 1980ರಲ್ಲಿ ಡೆವುಡ್ ಎಂಬ ಅಮೆರಿಕದ ವೈದ್ಯನೂ ಅವನ ಸಂಗಡಿಗರೂ ಪ್ರಕಟಿಸಿದ ಲೇಖನ. ಅವರು ಶವಗಳನ್ನಲ್ಲ, ನೋವಿನಲ್ಲಿದ್ದ ಜೀವಂತ ರೋಗಿಗಳ ಧಮನಿಗಳನ್ನೇ ಕ್ಷಕಿರಣದಿಂದ ನೋಡಿದರು. ನೋವು ಮೊದಲಾದ ನಾಲ್ಕು ಗಂಟೆಗಳೊಳಗೆ ಪರೀಕ್ಷಿಸಿದವರಲ್ಲಿ ನೂರಕ್ಕೆ 87 ಮಂದಿಗೆ ನಾಳವು ಪೂರ್ತಿಯಾಗಿ ಕಟ್ಟಿದ್ದಿತು. ಹನ್ನೆರಡು ಗಂಟೆಗಳು ಕಳೆದ ಮೇಲೆ ಪರೀಕ್ಷಿಸಿದವರಲ್ಲಿ ಈ ಸಂಖ್ಯೆ 65ಕ್ಕೆ ಇಳಿದಿದ್ದಿತು. ಗುಟ್ಟು ಬಯಲಾಯಿತು. ಗಡ್ಡೆ ಇದ್ದಿತು, ಆದರೆ ಹೊತ್ತು ಕಳೆದಂತೆ ಕೆಲವರಲ್ಲಿ ತಾನಾಗಿ ಕರಗುತ್ತಿದ್ದಿತು. ತಡವಾಗಿ ಬಂದ ಪರೀಕ್ಷಕನಿಗೆ ಸಾಕ್ಷಿ ಸಿಕ್ಕುವುದೆಂತು?

ಫಲವು ಬಲುಬೇಗನೆ ಕಂಡಿತು. 1988ರಲ್ಲಿ ಪ್ರಕಟವಾದ ಒಂದು ಮಹಾಪರೀಕ್ಷೆಯಲ್ಲಿ 17,187 ರೋಗಿಗಳಿದ್ದರು. ಸ್ಟ್ರೆಪ್ಟೊಕೈನೇಸನ್ನೂ, ಬಿಲ್ಲೆಗಣಗಳು ಗುಂಪುಗೂಡದಂತೆ ತಡೆಯುವ ಆಸ್ಪಿರಿನ್ನನ್ನೂ ಕೂಡಿ ಪಡೆದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಸತ್ತವರು ನೂರಕ್ಕೆ 8. ಎರಡನ್ನೂ ಪಡೆಯದವರಲ್ಲಿ 13. ಈಗಲಾದರೋ ಸಣ್ಣ ನಳಿಕೆಯನ್ನು ಧಮನಿಯೊಳಕ್ಕೆ ತೂರಿಸಿ, ಬಲೂನು ಹಿಗ್ಗಿಸಿ, ಕಟ್ಟಿದ ದಾರಿಯನ್ನು ತೆರೆಯುವ ಚಿಕಿತ್ಸೆಯೂ ಬಂದಿದೆ.

ಹೆರಿಕ್ಕನಿಂದ ಡೆವುಡ್ಡನವರೆಗೆ ಅರುವತ್ತೆಂಟು ವರ್ಷಗಳು. ಆ ವರ್ಷಗಳ ತಡವನ್ನು ನಾವು ಹಿಂದಿರುಗಿ ಸರಿಪಡಿಸಲಾರೆವು. ಆದರೆ ಗಂಟೆಗಳ ತಡ ಇನ್ನೂ ನಮ್ಮ ಕೈಯಲ್ಲಿದೆ. ಎದೆಯನ್ನು ಹಿಂಡುವಂತಹ ನೋವು ಬಂದು ಬೆವರಿಳಿದಾಗ, ಅದನ್ನು ಅಜೀರ್ಣವೆಂದು ಬಗೆದು ಜೀರಿಗೆ ಕಷಾಯ ಕುಡಿದು, ಬೆಳಗಾಗಲೆಂದು ಮಲಗುವವರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಬೆಳಗಾಗುವ ಹೊತ್ತಿಗೆ ಗಡ್ಡೆ ಕರಗಿದ್ದರೂ ಕರಗಿರಬಹುದು. ಸತ್ತ ಹೃದಯದ ಮಾಂಸವು ಮರಳಿ ಬಾರದು. ಪಂಡಿತರು ಅಷ್ಟು ಕಷ್ಟದಿಂದ ಕಲಿತ ಪಾಠವನ್ನು ನಾವು ಆ ಒಂದು ರಾತ್ರಿಯಲ್ಲಿ ಮರೆಯದಿರೋಣ.