ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಮತ್ತು ಗೇರ್‌ಬಾಕ್ಸ್ ತೈಲದ ದೋಷಗಳು: ಪತ್ತೆ ಮತ್ತು ಪರಿಹಾರ ಕ್ರಮಗಳು

ಪೀಠಿಕೆ

ರಾಮನಗರ ಭಾಗದ ಮರಳವಾಡಿ ಹೋಬಳಿ ಹಾಗೂ ಸುತ್ತಲಿನ ಕನಕಪುರ, ಹಾರೋಹಳ್ಳಿ ಪ್ರದೇಶಗಳಲ್ಲಿ ಮಳೆಯಾಶ್ರಿತ ರಾಗಿ ಮತ್ತು ಹಿಪ್ಪುನೇರಳೆ ಪ್ರಮುಖ ಬೆಳೆಗಳು. ಇಲ್ಲಿನ ಕೆಂಪು ಮಣ್ಣು ಮಳೆ ಬಿದ್ದ ನಂತರ ಬೇಗನೆ ಒಣಗುವುದರಿಂದ ಉಳುಮೆ ಮತ್ತು ಬಿತ್ತನೆಗೆ ದೊರೆಯುವ ಹದ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಟ್ರ್ಯಾಕ್ಟರಿನ ಲಿಫ್ಟ್ ಕೆಲಸ ಮಾಡದಿದ್ದರೆ ರೈತನು ಕಳೆದುಕೊಳ್ಳುವುದು ದುರಸ್ತಿಯ ವೆಚ್ಚವನ್ನಷ್ಟೇ ಅಲ್ಲ, ಬಿತ್ತನೆಯ ಹದವನ್ನೂ ಕಳೆದುಕೊಳ್ಳುತ್ತಾನೆ. ಲಿಫ್ಟ್ ಅಸ್ಥಿರವಾಗಿದ್ದರೆ ಕೂರಿಗೆಯ ಆಳವೂ ಒಂದೇ ಸಮನಾಗಿರುವುದಿಲ್ಲ. ಕೇವಲ 2–3 ಸೆಂ.ಮೀ. ಆಳದಲ್ಲಿ ಬೀಳಬೇಕಾದ ರಾಗಿಯಂತಹ ಸಣ್ಣ ಬೀಜವು ಆಳಕ್ಕೆ ಬಿದ್ದರೆ ಮೊಳಕೆ ಹೊರಬರುವುದು ಕಷ್ಟವಾಗುತ್ತದೆ.

ಇಂತಹ ಸಂದರ್ಭಗಳಲ್ಲಿ ಪಂಪನ್ನೇ ಬದಲಿಸುವುದು ರೂಢಿಯಾಗಿದೆ. ಆದರೆ ತೈಲದ ಮಟ್ಟ, ತೈಲದ ಸ್ಥಿತಿ ಅಥವಾ ಕಟ್ಟಿಕೊಂಡ ಜಾಲರಿಯಿಂದ ಉಂಟಾಗುವ ದೋಷಗಳು ಅನೇಕ. ಇವನ್ನು ಹಿಡಿಕೆ ಬಿಚ್ಚದೆಯೇ ಗುರುತಿಸಬಹುದು. ಆದ್ದರಿಂದ ಯಾವುದೇ ಭಾಗವನ್ನು ಬಿಚ್ಚುವ ಮೊದಲು ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

ವ್ಯವಸ್ಥೆಯ ಪರಿಚಯ

ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಬಿಂದುವಿನ ಜೋಡಣೆ ಮತ್ತು ಹೈಡ್ರಾಲಿಕ್ ಲಿಫ್ಟ್ ಇಂದಿನ ಬಹುತೇಕ ಟ್ರ್ಯಾಕ್ಟರ್‌ಗಳಿಗೆ ಆಧಾರ. ಅನೇಕ ಹಳೆಯ ಮಾದರಿಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮತ್ತು ಲಿಫ್ಟ್‌ಗೆ ಒಂದೇ ತೈಲ ಸಂಗ್ರಹವಿರುತ್ತದೆ. ಹಾಗಾಗಿ ಗೇರಿನಿಂದ ಸವೆದ ಲೋಹದ ಪುಡಿಯು ಲಿಫ್ಟ್ ಪಂಪಿಗೂ ತಲುಪುತ್ತದೆ. ಲಿಫ್ಟ್ ಕಡೆಯಿಂದ ಸೇರಿದ ನೀರು ಬೇರಿಂಗುಗಳನ್ನೂ ಹಾಳುಮಾಡುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಲಿಫ್ಟ್ ತೈಲಕ್ಕೆ ಪ್ರತ್ಯೇಕ ಸಂಗ್ರಹವಿದ್ದು, ಪಂಪು ಎಂಜಿನ್ನಿನ ಗೇರಿನಿಂದ ನಡೆಯುತ್ತದೆ. ತಮ್ಮ ಟ್ರ್ಯಾಕ್ಟರ್ ಯಾವ ಬಗೆಯದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹೀಗೆ ತಯಾರಿಕೆ ನಿಂತ ಮಾದರಿಗಳನ್ನು ಬಳಸುವವರು ಬಳಕೆದಾರರ ಕೈಪಿಡಿಯ ಒಂದು ನಕಲನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ಸುರಕ್ಷತಾ ಕ್ರಮಗಳು

* ಎತ್ತಿದ ಉಪಕರಣದ ಕೆಳಗೆ ಎಂದಿಗೂ ಹೋಗಬಾರದು. ಪರೀಕ್ಷೆಗೆ ಮೊದಲು ಉಪಕರಣವನ್ನು ನೆಲಕ್ಕಿಳಿಸಬೇಕು. ಎತ್ತಿರಲೇಬೇಕಾದರೆ ಗಟ್ಟಿಯಾದ ಮರದ ದಿಮ್ಮಿಗಳ ಆಧಾರ ಕೊಡಬೇಕು.
* ಒತ್ತಡದಲ್ಲಿರುವ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಯಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ತೈಲವು ಚರ್ಮವನ್ನು ತೂರಿ ಒಳಹೊಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಪತ್ತೆಗೆ ರಟ್ಟಿನ ತುಂಡನ್ನು ಬಳಸಬೇಕು.
* ಟ್ರೈಲರಿನ ಡಬ್ಬಿಯನ್ನು ಎತ್ತಿ ಕೆಲಸ ಮಾಡುವಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ಹಂತ 1: ತೈಲದ ಮಟ್ಟ

ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಇಳಿಸಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಮಟ್ಟವನ್ನು ನೋಡಬೇಕು. ಟಿಪ್ಪಿಂಗ್ ಟ್ರೈಲರನ್ನು ಜೋಡಿಸಿದ್ದರೆ ಅದರ ಸಿಲಿಂಡರಿನಲ್ಲಿಯೂ ತೈಲವಿರುತ್ತದೆ. ಆದ್ದರಿಂದ ಡಬ್ಬಿ ಇಳಿದಿರುವಾಗಲೇ ಅಳೆಯಬೇಕು.

ಹೊರಗೆ ಸೋರಿಕೆ ಕಾಣದೆಯೂ ಮಟ್ಟ ಇಳಿಯುತ್ತಿದ್ದರೆ ಈ ಮೂರು ಜಾಗಗಳನ್ನು ಪರಿಶೀಲಿಸಬೇಕು.

1. ಕ್ಲಚ್ ಕವಚದ ಕೆಳಗಿನ ರಂಧ್ರ: ಇಲ್ಲಿ ತೊಟ್ಟಿಕ್ಕುವ ತೈಲ ಕಪ್ಪಾಗಿದ್ದರೆ ಎಂಜಿನ್ನಿನ ಹಿಂಬದಿಯ ಸೀಲು, ಹೊಂಬಣ್ಣವಾಗಿದ್ದು ಗೇರ್ ತೈಲದ ಘಾಟು ವಾಸನೆಯಿದ್ದರೆ ಗೇರ್‌ಬಾಕ್ಸಿನ ಮುಂಬದಿಯ ಸೀಲು ಹಾಳಾಗಿರುವ ಸಾಧ್ಯತೆ ಹೆಚ್ಚು. ಕ್ಲಚ್ ಜಾರುವುದು ಇದರ ಜೊತೆಯ ಲಕ್ಷಣ.
2. ಹಿಂಬದಿಯ ಚಕ್ರದ ಬ್ರೇಕ್: ಆಕ್ಸಲ್ ಸೀಲು ಸೋರಿದರೆ ಒಣ ಬ್ರೇಕಿನ ಪದರಕ್ಕೆ ತೈಲ ತಾಗಿ ಒಂದು ಬದಿಯ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಎಳೆಯುವವರಿಗೆ ಇದು ಪ್ರಾಣಾಪಾಯದ ಸಂಗತಿ.
3. ಎಂಜಿನ್ ತೈಲ: ಪಂಪು ಎಂಜಿನ್ ಗೇರಿನಿಂದ ನಡೆಯುವ ಮಾದರಿಗಳಲ್ಲಿ ಪಂಪಿನ ಸೀಲು ಹಾಳಾದರೆ ಲಿಫ್ಟ್ ತೈಲವು ಎಂಜಿನ್ನಿಗೆ ಸೇರುತ್ತದೆ. ಲಿಫ್ಟ್ ತೈಲ ಇಳಿದು ಎಂಜಿನ್ ತೈಲದ ಮಟ್ಟ ಏರುತ್ತಿದ್ದರೆ ಟ್ರ್ಯಾಕ್ಟರನ್ನು ಓಡಿಸದೆ ದುರಸ್ತಿ ಮಾಡಿಸಬೇಕು.

ಮಟ್ಟವು ಏರುತ್ತಿದ್ದರೆ ನೀರು ಸೇರಿದೆಯೆಂದು ಶಂಕಿಸಬೇಕು.

ಹಂತ 2: ತೈಲದ ಸ್ಥಿತಿ

ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರಿನಷ್ಟು ತೈಲ ತೆಗೆದು ಒಂದು ರಾತ್ರಿ ಅಲುಗಾಡದಂತೆ ಇಡಬೇಕು.

* ಹಾಲಿನಂತಹ ಬಣ್ಣ: ತೆಗೆದಾಗ ಬಿಳಿಚಿಕೊಂಡಿದ್ದು ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಅದು ಗಾಳಿಯ ನೊರೆ. ರಾತ್ರಿ ಕಳೆದರೂ ಬಿಳಿಚಾಗಿಯೇ ಇದ್ದರೆ ಅಥವಾ ತಳದಲ್ಲಿ ನೀರು ನಿಂತರೆ ನೀರು ಸೇರಿದೆ. ಅಡುಗೆಗೆ ಬಳಸದ ಹಳೆಯ ತವೆಯನ್ನು ಬಿಸಿ ಮಾಡಿ, ಬೆಂಕಿಯಿಂದ ಆಚೆಗೆ ತೆಗೆದು ಒಂದೇ ಹನಿ ತೈಲ ಹಾಕಿದಾಗ ಚಟಪಟ ಸದ್ದಾದರೂ ನೀರಿದೆಯೆಂದು ತಿಳಿಯಬೇಕು. ಮುಖವನ್ನು ದೂರವಿಡಬೇಕು.
* ನೊರೆ: ಮಟ್ಟ ಕಡಿಮೆಯಿರುವುದು, ಅತಿಯಾಗಿ ತುಂಬಿರುವುದು ಅಥವಾ ಪಂಪು ತೈಲ ಹೀರುವ ಕಡೆಯ ಜೋಡಣೆಯಲ್ಲಿ ಗಾಳಿ ಸೇರುವುದು ಕಾರಣ. ಹೀರುವ ಕಡೆ ಗಾಳಿ ಒಳಸೇರುತ್ತದೆಯೇ ಹೊರತು ತೈಲ ಹೊರಬರದಿರಬಹುದು. ಆದ್ದರಿಂದ ಅಲ್ಲಿ ಸೋರಿಕೆಯ ಗುರುತು ಕಾಣದೇ ಇರಬಹುದು.
* ಕಪ್ಪು ಬಣ್ಣ ಮತ್ತು ಸುಟ್ಟ ವಾಸನೆ: ತೈಲವು ಅತಿಯಾಗಿ ಕಾದಿದೆ ಅಥವಾ ಬದಲಿಸುವ ಅವಧಿ ಮೀರಿದೆ.
* ಲೋಹದ ಕಣಗಳು: ತಳದ ಬಿರಡೆಯ ಆಯಸ್ಕಾಂತಕ್ಕೆ ಅಂಟುವ ನುಣುಪಾದ ಬೂದು ಪೇಸ್ಟ್ ಸಹಜ ಸವಕಳಿ. ಉಗುರಿಗೆ ಒರಟಾಗಿ ಸಿಗುವ ಚೂರುಗಳು ಗೇರಿನ ಹಲ್ಲು ಅಥವಾ ಬೇರಿಂಗ್ ಮುರಿದಿರುವ ಸೂಚನೆ. ಆಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಕಂಡರೆ ಹಿತ್ತಾಳೆ ಅಥವಾ ಕಂಚಿನ ಬುಷ್‌ಗಳು ಸವೆಯುತ್ತಿವೆ.

ಹಂತ 3: ಲಿಫ್ಟಿನ ವರ್ತನೆ

ತೈಲದ ಮಟ್ಟ ಮತ್ತು ಸ್ಥಿತಿ ಸರಿಯಿದ್ದರೆ ಮಾತ್ರ ಈ ಹಂತಕ್ಕೆ ಬರಬೇಕು.

1. ಲಿಫ್ಟ್ ಸ್ವಲ್ಪವೂ ಎತ್ತುವುದಿಲ್ಲ: ಪಂಪು ಪಿಟಿಒ ದಂಡದಿಂದ ನಡೆಯುವ ಮಾದರಿಗಳಲ್ಲಿ ಪಿಟಿಒ ಹಿಡಿಕೆ ಬಿಡಿಸಿದ್ದರೆ ಲಿಫ್ಟ್ ಕೆಲಸ ಮಾಡದು. ಟ್ರೈಲರಿಗೆ ತೈಲ ಕಳಿಸುವ ಹಿಡಿಕೆಯ ಸ್ಥಾನವನ್ನೂ ನೋಡಬೇಕು. ಇವೆರಡೂ ಖರ್ಚಿಲ್ಲದ ಪರೀಕ್ಷೆಗಳು.
2. ಬೆಳಿಗ್ಗೆ ನಿಧಾನ, ಕೊರೆಯುವ ಸದ್ದು, ಕಾದ ಮೇಲೆ ಸರಿ: ತೈಲ ಅತಿ ಮಂದವಾಗಿದೆ ಅಥವಾ ಪಂಪಿನ ಜಾಲರಿ ಕಟ್ಟಿಕೊಂಡಿದೆ. ಪಂಪಿಗೆ ಸಾಕಷ್ಟು ತೈಲ ಸಿಗದ ಕಾರಣ ಸದ್ದು ಬರುತ್ತದೆ. ಹಾಗೆಯೇ ಓಡಿಸಿದರೆ ಪಂಪು ಹಾಳಾಗುತ್ತದೆ.
3. ಬೆಳಿಗ್ಗೆ ಸರಿ, ಕಾದ ಮೇಲೆ ದುರ್ಬಲ: ಕಾದ ತೈಲ ತೆಳುವಾಗಿ ಸವೆದ ಭಾಗಗಳ ಸಂದಿನಲ್ಲಿ ಹಿಂದಕ್ಕೆ ಸೋರುತ್ತದೆ. ಪಂಪಿನ ಸವಕಳಿ, ಒಳಗಿನ ಸೀಲುಗಳು ಅಥವಾ ಸೂಕ್ತವಲ್ಲದ ತೆಳು ತೈಲ ಕಾರಣವಿರಬಹುದು.
4. ಎತ್ತುತ್ತದೆ, ಎಂಜಿನ್ ನಿಲ್ಲಿಸಿದೊಡನೆ ಕುಸಿಯುತ್ತದೆ: ಎತ್ತುವ ಶಕ್ತಿ ಸರಿಯಿರುವುದರಿಂದ ಮೊದಲ ಸಂಶಯ ಪಂಪಿನ ಮೇಲಲ್ಲ, ಲಿಫ್ಟ್ ಸಿಲಿಂಡರಿನ ಸೀಲು ಮತ್ತು ನಿಯಂತ್ರಣ ಕವಾಟಗಳ ಮೇಲೆ. ದೀರ್ಘ ಹೊತ್ತಿನಲ್ಲಿ ತುಸು ಇಳಿಯುವುದು ದೋಷವಲ್ಲ.
5. ಎತ್ತಿದ ಉಪಕರಣ ಏರಿಳಿಯುತ್ತಾ ತಲೆದೂಗುತ್ತದೆ: ಒಳಸೋರಿಕೆಯಿಂದ ತೋಳು ಇಳಿದಂತೆಲ್ಲ ಕವಾಟವು ಮತ್ತೆ ಮತ್ತೆ ಎತ್ತುತ್ತಿದೆ. ಕಾರಣ ನಾಲ್ಕನೆಯದೇ.
6. ಬರಿದಾಗಿ ಎತ್ತುತ್ತದೆ, ಭಾರ ಎತ್ತದು: ಒತ್ತಡ ಸಾಲದು. ಇದನ್ನು ಕಾರ್ಯಾಗಾರದಲ್ಲಿ ಒತ್ತಡ ಮಾಪಕದಿಂದ ಅಳೆಸಬೇಕು. ಒತ್ತಡ ನಿಯಂತ್ರಿಸುವ ರಿಲೀಫ್ ಕವಾಟವನ್ನು ಮನಸ್ಸಿಗೆ ಬಂದಂತೆ ಬಿಗಿಗೊಳಿಸಿದರೆ ಪೈಪು ಸಿಡಿಯಬಹುದು, ಕವಚವೇ ಬಿರುಕು ಬಿಡಬಹುದು.

ನೀರು ಸೇರಿದಾಗ ಮಾಡಬೇಕಾದುದು

ಹರಿದ ಗೇರ್ ಹಿಡಿಕೆಯ ರಬ್ಬರ್ ಚೀಲ, ಸಡಿಲವಾದ ಡಿಪ್‌ಸ್ಟಿಕ್, ಒತ್ತಡದ ನೀರಿನಿಂದ ತೊಳೆಯುವುದು ಮತ್ತು ಮಳೆಯಲ್ಲಿ ಬಯಲಿನಲ್ಲಿ ನಿಲ್ಲಿಸುವುದು ನೀರು ಸೇರುವ ಸಾಮಾನ್ಯ ಮಾರ್ಗಗಳು. ಮೊದಲು ಈ ಮಾರ್ಗ ಮುಚ್ಚಬೇಕು; ಇಲ್ಲವಾದರೆ ಹೊಸ ತೈಲವೂ ವ್ಯರ್ಥ.

ಟ್ರ್ಯಾಕ್ಟರನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ತಳದ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿದರೆ ಬೇರ್ಪಟ್ಟ ನೀರು ಮೊದಲು ಹೊರಬರುತ್ತದೆ. ತೈಲವು ಹಾಲಿನಂತೆ ಬೆರೆತಿದ್ದರೆ ಪೂರ್ತಿ ಬದಲಿಸಬೇಕು. ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಬೇಕು. ಎಳೆ ಬಿಡುವ ವೇಸ್ಟ್ ಹತ್ತಿಯಿಂದ ಒರೆಸಬಾರದು. ಸೀಮೆಎಣ್ಣೆ ಅಥವಾ ಡೀಸೆಲ್ ತುಂಬಿ ಟ್ರ್ಯಾಕ್ಟರ್ ಓಡಿಸಿ ತೊಳೆಯುವ ಪದ್ಧತಿ ಅಪಾಯಕಾರಿ. ಅವು ಗೇರು ಮತ್ತು ಪಂಪಿಗೆ ಜಾರುಪದರ ನೀಡುವುದಿಲ್ಲ. ಹೊಸ ತೈಲ ತುಂಬಿ ಕೆಲ ಗಂಟೆ ಕೆಲಸ ಮಾಡಿದ ಮೇಲೆ ಬಾಟಲಿ ಪರೀಕ್ಷೆಯನ್ನು ಪುನಃ ಮಾಡಬೇಕು.

ತೈಲದ ಆಯ್ಕೆ

ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಬಳಸಬೇಕು. ಗೇರ್, ಲಿಫ್ಟ್ ಎರಡಕ್ಕೂ ಒಂದೇ ಸಂಗ್ರಹವಿರುವ ಟ್ರ್ಯಾಕ್ಟರಿಗೆ ಅಂಗಡಿಯಲ್ಲಿ ಸಿಕ್ಕ ದಪ್ಪ ಗೇರ್ ತೈಲ ಹಾಕಿದರೆ ಲಿಫ್ಟ್ ಬಳಲುತ್ತದೆ. ತೆಳುವಾದ ಹೈಡ್ರಾಲಿಕ್ ತೈಲ ಮಾತ್ರ ಹಾಕಿದರೆ ಗೇರು ಸವೆಯುತ್ತದೆ. ತೈಲದಲ್ಲಿ ಮುಳುಗಿದ ಬ್ರೇಕ್ ಇರುವ ಮಾದರಿಗಳಿಗೆ ಅದಕ್ಕೆಂದೇ ತಯಾರಾದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ತೈಲವೇ ಬೇಕು. ಬಾಡಿಗೆ ಅಥವಾ ನೆರೆಯವರ ಟಿಪ್ಪಿಂಗ್ ಟ್ರೈಲರನ್ನು ಜೋಡಿಸಿದಾಗ ಅದರ ಸಿಲಿಂಡರಿನಲ್ಲಿರುವ ಕೊಳಕು ತೈಲವೂ ನಿಮ್ಮ ಟ್ರ್ಯಾಕ್ಟರಿಗೆ ಬರುತ್ತದೆ. ಜೋಡಿಸುವ ಮೊದಲು ಕಪ್ಲಿಂಗ್ ಒರೆಸುವುದು, ಹಂಗಾಮಿನ ನಂತರ ತೈಲ ಪರೀಕ್ಷಿಸುವುದು ಅವಶ್ಯ.

ಬಳಸಿದ ತೈಲದ ವಿಲೇವಾರಿ

ಬಳಸಿದ ತೈಲವನ್ನು ಹೊಲ, ಬದು, ಬಾವಿಯ ಬಳಿ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಇದು ಬರುತ್ತದೆ. ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಾಹಕರಿಗೆ ತಲುಪುವಂತೆ ಕಾರ್ಯಾಗಾರಕ್ಕೆ ನೀಡಬೇಕು. ಹಿಪ್ಪುನೇರಳೆ ಸಾಲುಗಳ ನಡುವೆ ಸೋರುವ ಟ್ರ್ಯಾಕ್ಟರನ್ನು ಬಳಸಬಾರದು. ತೈಲ ತಾಗಿದ ಸೊಪ್ಪನ್ನು ರೇಷ್ಮೆ ಹುಳುಗಳಿಗೆ ನೀಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳಿನಲ್ಲಿ ಗ್ರಾಮಮಟ್ಟದಲ್ಲಿ ಬಾಟಲಿ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯಾಗಿ ಮಾಡಿ ತೋರಿಸುವುದು ಉಪಯುಕ್ತ. ರೈತರು ಮೆಕ್ಯಾನಿಕ್ ಬಳಿಗೆ ಹೋಗುವಾಗ ತೈಲದ ಬಾಟಲಿಯ ಜೊತೆಗೆ ಈ ನಾಲ್ಕು ಅಂಶಗಳನ್ನು ಬರೆದುಕೊಂಡು ಹೋಗುವಂತೆ ತಿಳಿಸಬೇಕು: ತೈಲದ ಮಟ್ಟ ಏರಿದೆಯೇ ಇಳಿದಿದೆಯೇ, ದೋಷ ತಣ್ಣಗಿರುವಾಗಲೋ ಕಾದಾಗಲೋ, ಎಂಜಿನ್ ನಿಲ್ಲಿಸಿದಾಗ ಉಪಕರಣ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಯದಾಗಿ ಯಾವ ತೈಲವನ್ನು ಎಂದು ಹಾಕಲಾಯಿತು. ಈ ಮಾಹಿತಿಯಿದ್ದರೆ ಅನಗತ್ಯವಾಗಿ ಪಂಪು ಬದಲಿಸುವುದು ತಪ್ಪುತ್ತದೆ, ಬಿತ್ತನೆಯ ಹದವೂ ಕೈತಪ್ಪದು.